ಓದಲು ಹೋದ ಊರಿನಲ್ಲಿ ದುಡಿಮೆ



ಮಗನೋ ಮಗಳೋ ಹೊರದೇಶಕ್ಕೆ ಓದಲು ಹೊರಟಿದ್ದಾರೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಅಲ್ಲಿಗೆ ಹೋದ ಮೇಲೆ ಪಾರ್ಟ್‌ಟೈಮ್ ಕೆಲಸ ಮಾಡ್ಕೊಂಡು ಖರ್ಚು ನೋಡ್ಕೋತಾರೆ ಬಿಡಿ." ಬ್ಯಾಂಕಿನಲ್ಲಿ ಸಾಲದ ಅರ್ಜಿ ತುಂಬುವಾಗ, ಕನ್ಸಲ್ಟೆನ್ಸಿಯವರ ಎದುರು ಕೂತಾಗ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲ ಕಡೆಯೂ ಇದೇ ಮಾತು. ಈ ಒಂದು ಮಾತನ್ನು ನಂಬಿ ಹತ್ತು ಹದಿನೈದು ಲಕ್ಷ ಸಾಲ ಎತ್ತಿದ ಕುಟುಂಬಗಳಿವೆ, ಸೈಟು ಒತ್ತೆಯಿಟ್ಟವರಿದ್ದಾರೆ. ಇಂದು ನಾನು ಹೇಳಬೇಕೆಂದಿರುವುದು ಆ ಮಾತಿನ ಬಗ್ಗೆಯೇ. ಓದುತ್ತ ದುಡಿಯುವುದು ಒಳ್ಳೆಯದು. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಯಾವ ಕೆಲಸ, ಎಷ್ಟು ಹೊತ್ತು, ಯಾವ ಕಾನೂನಿನ ಒಳಗೆ ಎಂಬುದು ತಿಳಿಯದೆ ವಿಮಾನ ಹತ್ತಬಾರದು.

ಒಂದೊಂದು ದೇಶದ ನಿಯಮ ಒಂದೊಂದು ತರಹ. ಎಲ್ಲವನ್ನೂ ಮೇಲೆಮೇಲೆ ಮುಟ್ಟುವ ಬದಲು ನಾನು ಓದಿದ, ನಾನು ದುಡಿದ ದೇಶವನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಅದು ಜರ್ಮನಿ. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯೂರೋ ಶುಲ್ಕವಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಚೆಗೆ ಶುಲ್ಕ ಆರಂಭಿಸಿದೆ. ಹೀಗಾಗಿ ನಮ್ಮ ಮಧ್ಯಮ ವರ್ಗದ ಮಕ್ಕಳು, ಅದರಲ್ಲೂ ಎಂಜಿನಿಯರಿಂಗ್ ಮುಗಿಸಿದವರು, ದೊಡ್ಡ ಸಂಖ್ಯೆಯಲ್ಲಿ ಅತ್ತ ಹೊರಟಿದ್ದಾರೆ. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಚೀನಾದವರನ್ನೂ ಮೀರಿ ಭಾರತೀಯರೇ ಮೊದಲ ಸ್ಥಾನದಲ್ಲಿದ್ದಾರೆ. ನಾನು ಓದಿದ ಆಖನ್ ನಗರದಲ್ಲಿ ಬಸ್ ನಿಲ್ದಾಣದಲ್ಲಿ ನಿಂತರೆ ಕನ್ನಡ ಕಿವಿಗೆ ಬೀಳುತ್ತಿತ್ತು.

ಓದುತ್ತ ದುಡಿಯುವುದು ನಮಗೇನೂ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚು ನೋಡಿಕೊಂಡರು. ವಾರಾನ್ನ ಉಂಡು, ಅಂಗಡಿ ಲೆಕ್ಕ ಬರೆದು ಓದಿದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಜರ್ಮನಿಗೂ ಇಂಥ ನೆನಪಿದೆ. ಮೊದಲ ಮಹಾಯುದ್ಧದ ನಂತರ ಹಣದ ಬೆಲೆ ಕುಸಿದಾಗ ಅಲ್ಲಿನ ವಿದ್ಯಾರ್ಥಿಗಳೇ ಗಣಿ, ಕಾರ್ಖಾನೆ, ಹೊಲಗಳಲ್ಲಿ ದುಡಿದು ಓದು ಮುಗಿಸಿದರು. ಆದ್ದರಿಂದ ಪಾತ್ರೆ ತೊಳೆಯುವ ಹುಡುಗನನ್ನು, ಹೋಟೆಲಿನ ಹಾಸಿಗೆ ಸರಿಪಡಿಸುವ ಹುಡುಗಿಯನ್ನು ಅಲ್ಲಿ ಯಾರೂ ಕೀಳಾಗಿ ಕಾಣುವುದಿಲ್ಲ. ಪ್ರೊಫೆಸರರ ಮಗನೂ ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನು ಜೋಡಿಸುತ್ತಾನೆ. ನಮ್ಮ ಮಕ್ಕಳು ಅಲ್ಲಿ ಮೊದಲು ಕಲಿಯುವ ಪಾಠ ಇದು, ಮತ್ತು ಇದು ಬೆಲೆಬಾಳುವ ಪಾಠ.

ಈಗ ಕಾನೂನಿಗೆ ಬರೋಣ. ಯುರೋಪಿನ ಒಕ್ಕೂಟದ ಹೊರಗಿನಿಂದ ಬಂದ ವಿದ್ಯಾರ್ಥಿ ಒಂದು ವರ್ಷದಲ್ಲಿ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 2024ರ ಮಾರ್ಚ್‌ಗೆ ಮೊದಲು ಇದು 120 ಮತ್ತು 240 ದಿನ ಇತ್ತು. ಅರ್ಧ ದಿನವೆಂದರೆ ನಾಲ್ಕು ಗಂಟೆಯವರೆಗೆ. ಐದು ಗಂಟೆ ನಿಂತರೆ ಸಾಮಾನ್ಯವಾಗಿ ಒಂದು ಪೂರ್ಣ ದಿನ ಖರ್ಚಾಯಿತು ಎಂದು ಲೆಕ್ಕ. ದಿನಗಳ ಲೆಕ್ಕ ಇಡಬೇಕಾದವರು ವಿದ್ಯಾರ್ಥಿಗಳೇ. ಎರಡು ಕಡೆ ಕೆಲಸ ಮಾಡಿದರೆ ಎರಡೂ ಕಡೆಯ ದಿನಗಳನ್ನು ಕೂಡಿಸಬೇಕು.

ಇದು ವಾಸದ ಪರವಾನಗಿಗೆ ಸೇರಿದ ಕಾನೂನು. ಇದರ ಜೊತೆಗೆ ಸಾಮಾಜಿಕ ವಿಮೆಯ ಕಾನೂನು ಬೇರೆಯೇ ಒಂದು ಮಿತಿ ಹಾಕುತ್ತದೆ: ತರಗತಿಗಳು ನಡೆಯುವ ದಿನಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ಅಷ್ಟರೊಳಗೆ ಇದ್ದರೆ ವಿದ್ಯಾರ್ಥಿಗೆ ಸಿಗುವ ಕಡಿಮೆ ದರದ ಆರೋಗ್ಯ ವಿಮೆ ಉಳಿಯುತ್ತದೆ, ಸಂಬಳದಲ್ಲಿ ಪಿಂಚಣಿಯ ಪಾಲು ಶೇಕಡಾ 9.3 ಮಾತ್ರ ಕಡಿತವಾಗುತ್ತದೆ. ಅದನ್ನು ಮೀರಿ ದುಡಿದವನು ಓದಿಗಿಂತ ಕೆಲಸವೇ ಮುಖ್ಯವಾದವನು ಎಂದಾಗುತ್ತದೆ. ಆಗ ಎಲ್ಲ ನೌಕರರಂತೆ ಎಲ್ಲ ವಿಮೆಗಳ ಕಡಿತವೂ ಶುರುವಾಗುತ್ತದೆ. ಒಂದು ಕಾನೂನು ದಿನ ಎಣಿಸುತ್ತದೆ, ಇನ್ನೊಂದು ಗಂಟೆ ಎಣಿಸುತ್ತದೆ. ನಮ್ಮ ಮಕ್ಕಳು ಗೊಂದಲಕ್ಕೆ ಬೀಳುವುದು ಇಲ್ಲೇ. ಒಂದನ್ನು ಪಾಲಿಸಿದೆ ಎಂಬ ನೆಮ್ಮದಿಯಲ್ಲಿ ಇನ್ನೊಂದನ್ನು ಮುರಿದವರನ್ನು ನಾನು ಕಂಡಿದ್ದೇನೆ.

ಈ 140 ದಿನಗಳ ಲೆಕ್ಕಕ್ಕೆ ಸೇರದ ಕೆಲಸಗಳೂ ಇವೆ. ವಿಶ್ವವಿದ್ಯಾಲಯದಲ್ಲೇ ಸಹಾಯಕರಾಗಿ ಮಾಡುವ ಕೆಲಸ ಅವುಗಳಲ್ಲಿ ಮುಖ್ಯವಾದದ್ದು. ವಿದ್ಯಾರ್ಥಿಗಳು ಅದನ್ನು 'ಹಿವಿ' ಎಂದು ಕರೆಯುತ್ತಾರೆ. ಕಿರಿಯ ತರಗತಿಯವರ ಅಭ್ಯಾಸದ ಹಾಳೆ ತಿದ್ದುವುದು, ಪ್ರಯೋಗಾಲಯದಲ್ಲಿ ಅಳತೆ ತೆಗೆಯುವುದು, ಗ್ರಂಥಾಲಯದಲ್ಲಿ ಕೂರುವುದು ಇಂಥ ಕೆಲಸಗಳು. ವಾಸದ ಪರವಾನಗಿ ಕೊಡುವ ವಿದೇಶಿಯರ ಕಚೇರಿಗೆ ತಿಳಿಸಿದರೆ ಸಾಕು, ದಿನಗಳ ಖಾತೆಗೆ ಅದು ಬೀಳುವುದಿಲ್ಲ. ಪಠ್ಯಕ್ರಮದಲ್ಲೇ ಕಡ್ಡಾಯವಾಗಿರುವ ಇಂಟರ್ನ್‌ಶಿಪ್ ಕೂಡ ಬೀಳುವುದಿಲ್ಲ. ಆದರೆ ನಾವಾಗಿ ಇಷ್ಟಪಟ್ಟು ಮಾಡುವ ಇಂಟರ್ನ್‌ಶಿಪ್ ಬೀಳುತ್ತದೆ, ಸಂಬಳವಿಲ್ಲದಿದ್ದರೂ ಬೀಳುತ್ತದೆ. ಇನ್ನು ಸ್ವಂತ ವ್ಯವಹಾರ. ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಯಾರಿಗೋ ವೆಬ್‌ಸೈಟ್ ಮಾಡಿಕೊಟ್ಟು ಬಿಲ್ ಬರೆದರೂ ಅದು ಸ್ವಂತ ವ್ಯವಹಾರವೇ. ಅದಕ್ಕೆ ಬೇರೆ ಅನುಮತಿ ಬೇಕು. ಆಖನ್‌ನಿಂದ ಊರಿನ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ನೆದರ್‌ಲೆಂಡ್ಸಿನ ವಾಲ್ಸ್ ಬರುತ್ತದೆ. ಗಡಿಯಲ್ಲಿ ತಡೆಯುವವರಿಲ್ಲ. ಹಾಗೆಂದು ಜರ್ಮನಿಯ ವಿದ್ಯಾರ್ಥಿ ಪರವಾನಗಿ ಹಿಡಿದು ಅಲ್ಲಿ ಕೆಲಸ ಮಾಡುವಂತಿಲ್ಲ.

ಇನ್ನು ದುಡ್ಡಿನ ಮಾತು. ವೀಸಾ ಬೇಕಾದರೆ ಒಂದು ವರ್ಷದ ಖರ್ಚಿಗೆ 11,904 ಯೂರೋ ಇದೆಯೆಂದು ತೋರಿಸಬೇಕು. ಸಾಮಾನ್ಯವಾಗಿ ಇದನ್ನು ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಇಡುತ್ತಾರೆ. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೆ ಹೆಚ್ಚುಕಡಿಮೆ 12 ಲಕ್ಷ. ಆ ಖಾತೆಯಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಆರೋಗ್ಯ ವಿಮೆಗೆ ಸುಮಾರು 150 ಯೂರೋ ಹೋಗುತ್ತದೆ. ಹಾಸ್ಟೆಲ್ ಸಿಕ್ಕಿದರೆ ಬಾಡಿಗೆ 300, 400ರ ಆಸುಪಾಸು. ಮ್ಯೂನಿಕ್‌ನಂಥ ಊರಿನಲ್ಲಿ ಹೊರಗೆ ಕೋಣೆ ಹಿಡಿದರೆ 700, 800. ಉಳಿದದ್ದರಲ್ಲಿ ಊಟ, ಫೋನು, ಚಳಿಗಾಲದ ಬಟ್ಟೆ, ಸೆಮಿಸ್ಟರ್ ವಂತಿಗೆ. ಅಂದರೆ ತೋರಿಸಿದ ಹಣದಲ್ಲಿ ಹೇಗೋ ಬದುಕಬಹುದು, ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ.

ಇಲ್ಲಿ ಏಜೆಂಟರು ಒಂದು ಲೆಕ್ಕ ಹಾಕಿ ತೋರಿಸುತ್ತಾರೆ. ಜರ್ಮನಿಯಲ್ಲಿ 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. 140 ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 1120 ಗಂಟೆ. ಗುಣಿಸಿದರೆ 15,568 ಯೂರೋ. ಖಾತೆಯಲ್ಲಿಟ್ಟ ಹಣಕ್ಕಿಂತ ಹೆಚ್ಚು! ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಇದರಲ್ಲಿ ಓದಿನ ಹೊತ್ತು ಎಲ್ಲೂ ಇಲ್ಲ.

ಓದಿನ ಲೆಕ್ಕವನ್ನೂ ಹಾಕಿ ನೋಡೋಣ. ಅಲ್ಲಿನ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್. ಸೆಮಿಸ್ಟರ್‌ಗೆ 30. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ಶ್ರಮ ಎಂದು ವಿಶ್ವವಿದ್ಯಾಲಯಗಳೇ ನಿಗದಿ ಮಾಡಿವೆ. ಆರು ತಿಂಗಳಿಗೆ ಹೆಚ್ಚೆಂದರೆ 900 ಗಂಟೆ, ಅಂದರೆ ವಾರಕ್ಕೆ ಸುಮಾರು 35 ಗಂಟೆ. ಇದೇ ಒಂದು ಪೂರ್ಣಾವಧಿ ನೌಕರಿ. ಇದರ ಮೇಲೆ 20 ಗಂಟೆ ಕೆಲಸ, ಅಡುಗೆ, ಬಟ್ಟೆ, ಓಡಾಟ. ಬೇಸಿಗೆ ರಜೆಯಲ್ಲಿ ಪೂರ್ತಿ ದುಡಿಯಬಹುದಲ್ಲ ಎನ್ನುತ್ತೀರಿ. ತರಗತಿ ಇಲ್ಲದ ತಿಂಗಳುಗಳು ಇವೆ, ನಿಜ: ಫೆಬ್ರವರಿ ನಡುವಿನಿಂದ ಏಪ್ರಿಲ್ ತನಕ, ಜುಲೈ ನಡುವಿನಿಂದ ಅಕ್ಟೋಬರ್ ತನಕ. ಆದರೆ ಪರೀಕ್ಷೆಗಳೂ ಪ್ರಾಜೆಕ್ಟ್ ವರದಿಗಳೂ ಬಂದು ಕೂರುವುದು ಆ ತಿಂಗಳುಗಳಲ್ಲೇ.

ಪರೀಕ್ಷೆಯ ವಿಚಾರದಲ್ಲಿ ಒಂದು ಸಂಗತಿಯನ್ನು ಪ್ರತಿ ತಂದೆತಾಯಿಯೂ ತಿಳಿದಿರಬೇಕು. ನಮ್ಮಲ್ಲಿ ಬ್ಯಾಕ್‌ಲಾಗ್ ಉಳಿದರೆ ಮತ್ತೆ ಮತ್ತೆ ಕಟ್ಟಬಹುದು. ಜರ್ಮನಿಯ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯ ಸಲವೂ ಹೋದರೆ ಕೋರ್ಸಿನಿಂದಲೇ ಹೊರಗೆ. ಅದೇ ಕೋರ್ಸಿಗೆ ಆ ದೇಶದ ಬೇರೆ ವಿಶ್ವವಿದ್ಯಾಲಯಕ್ಕೆ ಸೇರುವುದೂ ಸಾಮಾನ್ಯವಾಗಿ ಆಗುವುದಿಲ್ಲ. ಓದು ನಿಂತರೆ ವಾಸದ ಪರವಾನಗಿಯ ಆಧಾರವೇ ಹೋಗುತ್ತದೆ. ರಾತ್ರಿ ಗೋದಾಮಿನಲ್ಲಿ ಪಾರ್ಸೆಲ್ ಜೋಡಿಸಿ ಬೆಳಗ್ಗೆ ಪರೀಕ್ಷೆಗೆ ಕೂರುವ ಹುಡುಗ ಆ ರಾತ್ರಿ ನೂರು ಯೂರೋ ಗಳಿಸಿರಬಹುದು. ಅವನು ಪಣಕ್ಕಿಟ್ಟದ್ದು ಇಡೀ ಮನೆಯವರ ಸಾಲವನ್ನು.

ಮೊದಲ ಕೆಲಸ ಸಿಗುವುದೂ ಅಷ್ಟು ಸುಲಭವಲ್ಲ. ಹೋದ ಕೂಡಲೇ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದನ್ನು ಕಾಯಬೇಕು, ಬ್ಯಾಂಕ್ ಖಾತೆ ಬೇಕು. ಆಹಾರ ಮುಟ್ಟುವ ಕೆಲಸವಾದರೆ ಆರೋಗ್ಯ ಇಲಾಖೆ ನಡೆಸುವ ಶುಚಿತ್ವದ ಪಾಠ ಕೇಳಿ ಪ್ರಮಾಣಪತ್ರ ತರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಭಾಷೆ ಬೇಕು. ಕೋರ್ಸು ಇಂಗ್ಲಿಷಿನಲ್ಲಿ ಇರಬಹುದು, ಅಂಗಡಿಗೆ ಬರುವ ಅಜ್ಜಿ ಮಾತಾಡುವುದು ಜರ್ಮನ್ನಿನಲ್ಲಿ. ಭಾಷೆ ಬಾರದವರಿಗೆ ಸಿಗುವುದು ಗೋದಾಮು, ಪಾತ್ರೆ ತೊಳೆಯುವ ಕೋಣೆ, ಚಳಿಯಲ್ಲಿ ಸೈಕಲ್ ಮೇಲೆ ಊಟ ತಲುಪಿಸುವ ಕೆಲಸ. ಭಾಷೆ ಬಂದವರಿಗೆ ಇದೇ ಊರಿನಲ್ಲಿ ಬೇರೆ ಬಾಗಿಲುಗಳು ತೆರೆಯುತ್ತವೆ. ಸ್ಟುಟ್‌ಗಾರ್ಟ್, ಮ್ಯೂನಿಕ್‌ಗಳ ಬಾಷ್, ಬಿಎಂಡಬ್ಲ್ಯು ತರಹದ ಕಂಪನಿಗಳು ವಿದ್ಯಾರ್ಥಿಗಳನ್ನು ವಾರಕ್ಕೆ ಇಂತಿಷ್ಟು ಗಂಟೆ ಎಂದು ತಮ್ಮ ವಿಭಾಗಗಳಿಗೇ ತೆಗೆದುಕೊಳ್ಳುತ್ತವೆ. ಅಲ್ಲಿ ಓದಿದ ವಿಷಯಕ್ಕೇ ಸೇರಿದ ಕೆಲಸ ಇರುತ್ತದೆ, ಮುಂದಿನ ನೌಕರಿಗೆ ದಾರಿಯೂ ಆಗುತ್ತದೆ.

ನಾನು ಮೊದಲು ನಿಂತದ್ದು ವಿದ್ಯಾರ್ಥಿಗಳ ಊಟದ ಮನೆ ಮೆನ್ಸಾದ ತಟ್ಟೆ ತೊಳೆಯುವ ಯಂತ್ರದ ಮುಂದೆ. ಬಿಸಿ ಹಬೆ, ಬಗ್ಗಿದ ಬೆನ್ನು. ಪಕ್ಕದಲ್ಲಿ ನಿಲ್ಲುತ್ತಿದ್ದ ತುರ್ಕಿ ಮೂಲದ ಹಿರಿಯ ಹೆಂಗಸು ನನಗೆ ತರಗತಿಗಿಂತ ಚೆನ್ನಾಗಿ ಜರ್ಮನ್ ಕಲಿಸಿದರು. ಆ ಭಾಷೆಯ ಬಲದಿಂದಲೇ ಮುಂದೆ ವಿಭಾಗದಲ್ಲಿ ಹಾಳೆ ತಿದ್ದುವ ಕೆಲಸ ಸಿಕ್ಕಿತು. ಅಲ್ಲಿ ಗಳಿಸಿದ್ದು ಕಡಿಮೆ. ಆದರೆ ಇನ್ನೊಬ್ಬರ ತಪ್ಪು ಲೆಕ್ಕ ತಿದ್ದುತ್ತ ನನ್ನ ವಿಷಯ ನನಗೆ ಗಟ್ಟಿಯಾಯಿತು. ಹಾಗಾಗಿ ಕೆಲಸ ಹುಡುಕುವವರಿಗೆ ನಾನು ಹೇಳುವುದು ಇಷ್ಟು: ಮೊದಲು ಸಿಕ್ಕಿದ ಪ್ರಾಮಾಣಿಕ ಕೆಲಸ ಮಾಡಿ, ಅದರಲ್ಲೇ ನಿಂತುಬಿಡಬೇಡಿ. ಪ್ರತಿ ಸೆಮಿಸ್ಟರ್‌ನಲ್ಲೂ ನಿಮ್ಮ ಓದಿಗೆ ಒಂದು ಹೆಜ್ಜೆ ಹತ್ತಿರದ ಕೆಲಸಕ್ಕೆ ಸರಿಯಿರಿ.

ಇನ್ನು ಹಕ್ಕುಗಳು. ನಮ್ಮ ಮಕ್ಕಳು ಇವನ್ನು ಕೇಳಲು ನಾಚುತ್ತಾರೆ; ನಾಚಬಾರದು. ತಿಂಗಳಿಗೆ 603 ಯೂರೋ ಒಳಗಿನ ಸಣ್ಣ ಕೆಲಸಕ್ಕೆ ಅಲ್ಲಿ ಮಿನಿಜಾಬ್ ಎನ್ನುತ್ತಾರೆ. ಅಂಥ ಕೆಲಸಕ್ಕೂ ಕನಿಷ್ಠ ಕೂಲಿ ಅನ್ವಯ, ಸಂಬಳಸಹಿತ ರಜೆಯೂ ಅನ್ವಯ. ವಾರಕ್ಕೆ ಎರಡೇ ದಿನ ಕೆಲಸ ಮಾಡುವವರಿಗೂ ವರ್ಷಕ್ಕೆ ಎಂಟು ದಿನ ಸಂಬಳದ ರಜೆ ಇದೆ. ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದ ಮೇಲೆ ಕಾಯಿಲೆ ಬಿದ್ದರೆ ಆರು ವಾರದವರೆಗೆ ಸಂಬಳ ಕೊಡಬೇಕು. ಕೆಲಸದಲ್ಲಿ ಕೈ ಸುಟ್ಟುಕೊಂಡರೆ, ಜಾರಿ ಬಿದ್ದರೆ ಅಪಘಾತ ವಿಮೆ ಇದೆ. ಅದರ ಕಂತು ಕಟ್ಟುವವರು ಕೆಲಸ ಕೊಟ್ಟವರು. ತೆರಿಗೆ ಮಿತಿ ವರ್ಷಕ್ಕೆ 12 ಸಾವಿರ ಯೂರೋಗಿಂತ ಸ್ವಲ್ಪ ಮೇಲಿದೆ. ಗಳಿಕೆ ಅದರೊಳಗಿದ್ದು ಸಂಬಳದಲ್ಲಿ ತೆರಿಗೆ ಹಿಡಿದಿದ್ದರೆ ಮರುವರ್ಷ ರಿಟರ್ನ್ ಸಲ್ಲಿಸಿ ಹಿಂದಕ್ಕೆ ಪಡೆಯಬಹುದು.

ಇಷ್ಟೆಲ್ಲ ರಕ್ಷಣೆ ಒಂದೇ ಗಳಿಗೆಯಲ್ಲಿ ಕೈಬಿಡುವುದು ನೋಂದಣಿಯಿಲ್ಲದ ಕೆಲಸಕ್ಕೆ ಒಪ್ಪಿಕೊಂಡಾಗ. "ಪೇಪರ್ ಎಲ್ಲ ಬೇಡಪ್ಪ, ಕೈಗೇ ಕೊಡ್ತೀನಿ" ಎನ್ನುವವರು ಎಷ್ಟೋ ಸಲ ನಮ್ಮ ಕಡೆಯವರೇ ಆಗಿರುತ್ತಾರೆ. ನಮ್ಮ ಭಾಷೆ, ನಮ್ಮ ಊಟ ಎಂಬ ಸಲುಗೆಯಲ್ಲಿ ಹುಡುಗರು ಒಪ್ಪುತ್ತಾರೆ. ನನಗೆ ಪರಿಚಯವಿದ್ದ ಒಬ್ಬ ವಿದ್ಯಾರ್ಥಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹೀಗೆಯೇ ದುಡಿದ. ಗಂಟೆಗೆ ಸಿಕ್ಕಿದ್ದು ಕನಿಷ್ಠ ಕೂಲಿಯ ಅರ್ಧ. ಎರಡು ತಿಂಗಳ ಬಾಕಿ ಬರಲೇ ಇಲ್ಲ. ಕರಾರುಪತ್ರವಿಲ್ಲದ ಕಾರಣ, ಪರವಾನಗಿಗೆ ಏನಾಗುತ್ತದೋ ಎಂಬ ಭಯದ ಕಾರಣ, ದೂರು ಕೊಡಲು ಅವನಿಗೆ ಧೈರ್ಯ ಬರಲಿಲ್ಲ. ಇಂಥ ಕೆಲಸವನ್ನು ಹಿಡಿಯುವ ಹೊಣೆ ಜರ್ಮನಿಯಲ್ಲಿ ಸುಂಕ ಇಲಾಖೆಯದು. ಅವರು ಹೇಳದೆ ಕೇಳದೆ ಅಡುಗೆಮನೆಗಳಿಗೆ ಬರುತ್ತಾರೆ. ಸಿಕ್ಕಿಬಿದ್ದರೆ ಮಾಲೀಕನಿಗೆ ದಂಡ. ವಿದ್ಯಾರ್ಥಿ ಕಳೆದುಕೊಳ್ಳುವುದು ದಂಡಕ್ಕಿಂತ ದೊಡ್ಡದು. ಆದ್ದರಿಂದ ಕರಾರುಪತ್ರ, ಸಂಬಳದ ಚೀಟಿ, ಬ್ಯಾಂಕಿಗೆ ಬರುವ ಹಣ, ಈ ಮೂರೂ ಇಲ್ಲದ ಕೆಲಸ ಎಷ್ಟೇ ಕಷ್ಟದಲ್ಲಿದ್ದರೂ ಬೇಡ.

ಬೇರೆ ದೇಶಗಳಿಗೆ ಹೊರಟವರಿಗೂ ಒಂದೆರಡು ಮಾತು. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ತರಗತಿಯ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆಯ ಮಿತಿ ಇದೆ. ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ. ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ವಾರಕ್ಕೆ 20 ಗಂಟೆ. ಅಮೆರಿಕದಲ್ಲಿ ಮೊದಲ ವರ್ಷ ಸಾಮಾನ್ಯವಾಗಿ ಕ್ಯಾಂಪಸ್ಸಿನ ಒಳಗೆ ಮಾತ್ರ, ಅದೂ ತರಗತಿಯ ದಿನಗಳಲ್ಲಿ 20 ಗಂಟೆ. ಈ ಮಿತಿಗಳನ್ನು ಸರ್ಕಾರಗಳು ಬದಲಿಸುತ್ತಲೇ ಇರುತ್ತವೆ. ಹಿಂದಿನ ವರ್ಷ ಹೋದ ಅಣ್ಣ ಹೇಳಿದ್ದನ್ನು ನಂಬಿ ಕೂರದೆ ಆಯಾ ದೇಶದ ಸರ್ಕಾರ ಪ್ರಕಟಿಸಿದ ನಿಯಮವನ್ನೇ ಓದಿಕೊಳ್ಳಬೇಕು.

ಕೊನೆಯದಾಗಿ ತಂದೆತಾಯಿಯರಿಗೆ. ವಾರದ ಕೊನೆಗೆ ಫೋನ್ ಮಾಡಿದಾಗ ಅಮ್ಮ ಕೇಳುತ್ತಾರೆ, "ಊಟ ಆಯ್ತಾ ಕಂದ?" ಅಪ್ಪ ಕೇಳುತ್ತಾರೆ, "ಕೆಲಸ ಸಿಕ್ತಾ?" ಪ್ರೀತಿಯಿಂದಲೇ ಕೇಳುವ ಪ್ರಶ್ನೆ. ಆದರೆ ಬಡ್ಡಿಯ ಕಂತು ತಲೆಯ ಮೇಲಿರುವ ಮಗುವಿಗೆ ಅದು ಒತ್ತಡವಾಗಿಯೇ ಕೇಳಿಸುತ್ತದೆ. ಆಗ "ಸಿಕ್ತು ಅಪ್ಪ" ಎಂದು ಹೇಳಿಬಿಡುವ ಆಸೆಗೆ ಅವರು ಯಾವ ಕೆಲಸಕ್ಕಾದರೂ ಒಪ್ಪುತ್ತಾರೆ. ನೀವು ಮಾಡಬಹುದಾದ ಒಂದು ಉಪಕಾರವಿದೆ. ಸಾಲ ತೆಗೆಯುವಾಗಲೇ ಮಗುವಿನ ಪಾರ್ಟ್‌ಟೈಮ್ ಗಳಿಕೆಯನ್ನು ಲೆಕ್ಕದಿಂದ ಹೊರಗಿಡಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳದ ಶಿಕ್ಷಣ ಸಾಲಗಳು ಬ್ಯಾಂಕುಗಳಲ್ಲಿವೆ. ಓದುವಾಗಲೇ ಬಡ್ಡಿ ಕಟ್ಟಿ ಎನ್ನುವ ಸಂಸ್ಥೆಗಳೂ ಇವೆ. ಸಹಿ ಹಾಕುವ ಮೊದಲು ಯಾವುದು ಯಾವುದೆಂದು ಕೇಳಿ ತಿಳಿಯಿರಿ. ಓದುವಾಗಿನ ಗಳಿಕೆ ಎಲೆಯ ಮೇಲಿನ ಉಪ್ಪಿನಕಾಯಿ ಇದ್ದಂತೆ, ಅದನ್ನು ಅನ್ನವೆಂದು ತಿಳಿಯಬಾರದು.

ವಿದ್ಯಾರ್ಥಿಗಳೆ, ನಿಮಗೆ ಹೇಳುವುದು ಇನ್ನೂ ಚಿಕ್ಕದು. ಹೊರಡುವ ಮೊದಲೇ ಆ ದೇಶದ ಭಾಷೆಯನ್ನು ಅಂಗಡಿಯಲ್ಲಿ ಮಾತಾಡುವಷ್ಟಾದರೂ ಕಲಿಯಿರಿ. ಮೊದಲ ಸೆಮಿಸ್ಟರ್ ಓದಿಗೇ ಮೀಸಲಿಡಿ. ದುಡಿದ ದಿನ, ದುಡಿದ ಗಂಟೆ ಎರಡನ್ನೂ ಬರೆದಿಡಿ. ಬರವಣಿಗೆಯಲ್ಲಿ ಇಲ್ಲದ ಕೆಲಸಕ್ಕೆ ಕೈ ಹಾಕಬೇಡಿ. ಕಷ್ಟ ಬಂದಾಗ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ; ನಿಮಗೆ ಸಲಹೆ ಕೊಡುವುದೇ ಅವರ ಕೆಲಸ. ಜರ್ಮನಿಯಲ್ಲಿ ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳ ಅವಧಿ ಕೊಡುತ್ತಾರೆ, ಆಗ ದಿನಗಳ ಮಿತಿಯೂ ಇರುವುದಿಲ್ಲ. ಆ 18 ತಿಂಗಳು ಪದವಿ ಮುಗಿಸಿದವರಿಗೆ ಮಾತ್ರ. ಆದ್ದರಿಂದ ದುಡಿಯಿರಿ, ತಲೆಯೆತ್ತಿ ದುಡಿಯಿರಿ. ಆದರೆ ನೀವು ಹೋಗಿರುವುದು ಓದಲಿಕ್ಕೆ ಎಂಬುದನ್ನು ಮರೆಯಬೇಡಿ, ಮೊದಲು ಪದವಿ ಮುಗಿಸಿ.